ಬೂದಿದಿಬ್ಬ ಮತ್ತು ಸಂಕ್ರಾಂತಿಯ ಕಿಚ್ಚು

“ನವಶಿಲಾಯುಗದ ಮಾನವನು ಪ್ರಾಣಿಗಳನ್ನು ಪಳಗಿಸಿದನು.” ಸಮಾಜ ವಿಜ್ಞಾನದ ತರಗತಿಯಲ್ಲಿ ವರ್ಷ ವರ್ಷವೂ ಬರೆಸುತ್ತಿದ್ದ ಈ ವಾಕ್ಯ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ವಾಕ್ಯವೇನೋ ಸರಿ. ಆದರೆ ಪಳಗಿದ ಆ ಪ್ರಾಣಿ ಊರಿನ ಬಾಳಿನಲ್ಲಿ ಯಾವ ಸ್ಥಾನ ಪಡೆಯಿತೆಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಉತ್ತರ ನಮ್ಮ ನಾಡಿನಲ್ಲೇ ಇದೆ.

ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿಯೂ ಆಚೆಯ ಆಂಧ್ರ, ತೆಲಂಗಾಣಗಳಲ್ಲಿಯೂ ನೂರಕ್ಕೂ ಹೆಚ್ಚು ಬೂದಿದಿಬ್ಬಗಳಿವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬುತ್ತಾರೆ. ವಾಸ್ತವದಲ್ಲಿ ಇವು ಕ್ರಿ.ಪೂ. ಸುಮಾರು 3000ದಿಂದ 1200ರ ನಡುವಿನ ದನಗಾಹಿ ಜನರು ಸಗಣಿಯನ್ನು ರಾಶಿ ಹಾಕಿ ಸುಟ್ಟ ಬೂದಿ. ಸಗಣಿಯ ಸುಳಿವನ್ನು ಮೊದಲೇ ಹಿಡಿದವರು ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಆಲ್ಚಿನ್ ಅವರು ರಾಯಚೂರಿನಾಚೆಯ ಉಟ್ನೂರಿನಲ್ಲಿ ಅಗೆದಾಗ ದನದ ದೊಡ್ಡಿಯ ಕಂಬಗಳ ಕುಳಿಗಳೂ ಗೊರಸಿನ ಗುರುತುಗಳೂ ಸಿಕ್ಕವು. ನಾಲ್ಕು ಸಾವಿರ ವರ್ಷಗಳ ಹಿಂದೆ ಹಸಿ ನೆಲದಲ್ಲಿ ಹಸುವೊಂದು ಊರಿದ ಹೆಜ್ಜೆ!

ಇಲ್ಲಿ ಕುತೂಹಲದ ಪ್ರಶ್ನೆಯೊಂದಿದೆ. ಈ ಜನರು ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು. ಗೊಬ್ಬರವಾಗಬಹುದಾಗಿದ್ದ ಸಗಣಿಯನ್ನು ಗುಡ್ಡೆ ಹಾಕಿ, ಕೆಲವೆಡೆ ಬೂದಿಯೇ ಕರಗಿ ಗಾಜಿನಂತಾಗುವಷ್ಟು ಉರಿಸಿದ್ದೇಕೆ? ಒಮ್ಮೆಯಲ್ಲ, ಪದರ ಪದರವಾಗಿ ಮತ್ತೆ ಮತ್ತೆ. ದನಗಳನ್ನು ಬೆಂಕಿ ಹಾಯಿಸುವ ಸಂಕ್ರಾಂತಿಯಂತಹ ಹಬ್ಬಗಳನ್ನು ಆಲ್ಚಿನ್ ಇದರೊಂದಿಗೆ ಹೋಲಿಸಿದರು. ನಮ್ಮ ಯಲಹಂಕದ ಸುತ್ತಲಿನ ಹಳ್ಳಿಗಳಲ್ಲಿ ಕೊಂಬಿಗೆ ಬಣ್ಣ ಬಳಿದು, ಸಂಜೆ ಹುಲ್ಲಿನ ಕಿಚ್ಚು ಹಾಯಿಸುವುದನ್ನು ಕಂಡವರು ನಿಮ್ಮಲ್ಲಿಯೂ ಇದ್ದೀರಿ. (ಆ ಕೊಟ್ಟಿಗೆಗಳಿದ್ದೆಡೆ ಈಗ ಅಪಾರ್ಟ್‌ಮೆಂಟುಗಳು.) ಆ ಬೆಂಕಿಯೇ ಈ ಬೆಂಕಿಯೆನ್ನಲು ನಡುವಣ ಮೂರು ಸಾವಿರ ವರ್ಷಗಳ ಕೊಂಡಿ ನಮ್ಮ ಕೈಯಲ್ಲಿಲ್ಲ, ಅಂತಹ ನೇರ ಗೆರೆಯನ್ನು ನಾನು ಎಳೆಯಲಾರೆ. ಆದರೆ ಊರೆಲ್ಲ ಕಲೆಯದೆ ಅಷ್ಟು ದೊಡ್ಡ ರಾಶಿ ಉರಿಯದು. ಜನರನ್ನು ಒಂದೆಡೆ ಕೂಡಿಸಿದ್ದು ದನವೇ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಮಾತು ಕೆಲವರಿಗೆ ರುಚಿಸದು. ಸುರಪುರ ಸೀಮೆಯ ಬೂದಿಹಾಳದಲ್ಲಿ (ಹೆಸರಿನಲ್ಲೇ ಬೂದಿಯಿದೆ, ನೋಡಿ) 1990ರ ದಶಕದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದನಗಳನ್ನು ಕಡಿದು ಮಾಂಸ ಮಾಡುತ್ತಿದ್ದ ನೆಲವೇ ಹೊರಬಂದಿತು. ಅದೇ ಕಾಲದ ಜನರು ಬಳ್ಳಾರಿಯ ಸಂಗನಕಲ್ಲಿನ ಹಿರೇಗುಡ್ಡದ ಬಂಡೆಗಳ ಮೇಲೆ ಉದ್ದ ಕೊಂಬಿನ, ಹಿಣಿಲುಳ್ಳ ಎತ್ತುಗಳನ್ನು ಅದೆಷ್ಟು ಅಕ್ಕರೆಯಿಂದ ಕುಟ್ಟಿ ಚಿತ್ರಿಸಿದರು! ಅಕ್ಕರೆಯೂ ಔತಣವೂ ಒಂದೇ ಹಟ್ಟಿಯಲ್ಲಿದ್ದವು. ಇಂದು ದನದ ಬಗ್ಗೆ ವಾದಿಸುವ ಎರಡೂ ಪಕ್ಷದವರು ತಮಗೆ ಬೇಕಾದ ಅರ್ಧವನ್ನಷ್ಟೇ ಪೂರ್ವಿಕರಿಂದ ಕೇಳಿ ಪಡೆಯುತ್ತಾರೆ.

ಹಿರೇಗುಡ್ಡದ ಒಂದಷ್ಟು ಭಾಗವನ್ನು ಕಲ್ಲುಗಣಿ ಈಗಾಗಲೇ ತಿಂದಿದೆ. ಎಷ್ಟೋ ದಿಬ್ಬಗಳ ಬೂದಿ ಹೊಲಕ್ಕೆ ಗೊಬ್ಬರವಾಗಿ ಹೋಗಿದೆ. ಹಂಪಿಗೆ ಹೊರಟವರು ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲಿ ಅರ್ಧ ಗಂಟೆ ಇಳಿದು, ಅಲ್ಲಿನ ಬೂದಿದಿಬ್ಬವನ್ನು ಮಕ್ಕಳಿಗೆ ತೋರಿಸಿರಿ.