ಬೀರಿನ ಕಾರ್ಖಾನೆಗೆ ಯಾತ್ರೆ

ಬಳ್ಳಾರಿಯ ಸಮೀಪದ ಹಲಕುಂದಿಯ ಗೃಹಸ್ಥರೊಬ್ಬರು ನಮ್ಮ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಅವರ ಮಗನು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಉದ್ಯೋಗದಲ್ಲಿರುವನು. ಈ ಬೇಸಗೆಯಲ್ಲಿ ತಾಯಿತಂದೆಗಳನ್ನು ಕರೆಯಿಸಿಕೊಂಡು, ಅಲ್ಲಿಯ ಬೀರಿನ ವಸ್ತುಪ್ರದರ್ಶನಶಾಲೆಯನ್ನು ತೋರಿಸಬೇಕೆಂದು ಟಿಕೀಟುಗಳನ್ನೂ ಕೊಂಡಿಟ್ಟಿರುವನಂತೆ. ಹೆಂಡದಂಗಡಿಯ ಹೊಸ್ತಿಲನ್ನೇ ತುಳಿಯದ ತಾವು ಮೊಮ್ಮಕ್ಕಳ ಕೈಹಿಡಿದುಕೊಂಡು ಅಲ್ಲಿಗೆ ಹೋಗುವುದು ಯುಕ್ತವೇ ಎಂಬುದು ಅವರ ಶಂಕೆ.

ಹೋಗಬಹುದೆಂದೇ ನಮ್ಮ ಅಭಿಪ್ರಾಯ. ಆರ್ಥರ್ ಗಿನ್ನೆಸ್ ಎಂಬಾತನು 1759ರಲ್ಲಿ, ವರ್ಷಕ್ಕೆ 45 ಪೌಂಡುಗಳಂತೆ, ಆ ಸ್ಥಳವನ್ನು 9000 ವರ್ಷಗಳ ಗುತ್ತಿಗೆಗೆ ಹಿಡಿದನು. (ನಮ್ಮ ಕಡೆಯ ಯಾವ ಭೂಮಾಲಿಕನು ತಾನೇ ಇಂಥ ಪತ್ರಕ್ಕೆ ರುಜು ಹಾಕಿಯಾನು!) ಬೀರನ್ನು ಹುದುಗು ಬರಿಸುವುದಕ್ಕಾಗಿ 1904ರಲ್ಲಿ ಕಟ್ಟಿದ ಮನೆಯೇ 2000ದಿಂದ ಏಳು ಅಂತಸ್ತುಗಳ ಪ್ರದರ್ಶನವಾಗಿದೆ.

ಅಲ್ಲಿ ತಾಯಿಯವರಿಗೆ ಒಂದು ಆಶ್ಚರ್ಯ ಕಾದಿದೆ. ಬೀರಿಗೆ ಮೂಲವಾದ ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುವರು. ಕೂಸಿನ ಸರಿಹಿಟ್ಟಿಗಾಗಿ ನಮ್ಮ ಗೃಹಿಣಿಯರು ರಾಗಿಗೆ ಮಾಡುವುದೂ ಇದನ್ನೇ ಅಲ್ಲವೇ? ಮೊಳೆತ ಕಾಳಿನಲ್ಲಿ ಹಿಟ್ಟನ್ನು ಸಕ್ಕರೆಯಾಗಿಸುವ ಶಕ್ತಿ ಹುಟ್ಟುವುದು. ಆದಕಾರಣವೇ ಮೊಳಕೆರಾಗಿಯ ಗಂಜಿ ಸಿಹಿಯಾಗಿಯೂ ತೆಳುವಾಗಿಯೂ ಇದ್ದು ಮಗುವಿಗೆ ಸುಲಭವಾಗಿ ಜೀರ್ಣವಾಗುವುದು. ಬೀರಿನವರು ಆ ಸಿಹಿರಸವನ್ನು ಬಸಿದು, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸಿ, ಆರಿದ ಮೇಲೆ ಯೀಸ್ಟನ್ನು ಬೆರೆಸುವರು. ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಡುವುದು. ಗಿನ್ನೆಸ್ಸಿನ ಕಪ್ಪು ಬಣ್ಣವು ಹುರಿದ ಜವೆಗೋಧಿಯದು.

ಬೆಂಗಳೂರಿನಲ್ಲಿಯೂ ಇಂಥದೊಂದು ಶಾಲೆಯಾಗಬಹುದಾಗಿತ್ತು. 1915ರಲ್ಲಿ ಥಾಮಸ್ ಲೀಷ್ಮನ್ ದಕ್ಷಿಣ ಭಾರತದ ಐದು ಬೀರಿನ ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸನ್ನು ಕಟ್ಟಿದನು. ಅದರ ಹಳೆಯ ಕಾರ್ಖಾನೆಯಿದ್ದ ನೆಲದ ಮೇಲೆ ಈಗ ಯುಬಿ ಸಿಟಿಯ ಅಂಗಡಿಗಳೂ ಕಚೇರಿಗಳೂ ನಿಂತಿವೆ.

ಆದರೆ ಡಬ್ಲಿನ್ನಿನದು ಬೀರು ಮಾರುವ ಕಂಪನಿಯೇ ನಡೆಸುವ ಪ್ರದರ್ಶನ. ಕುಡಿದವನ ಮನೆಯಲ್ಲಿ ಒಲೆ ಉರಿಯಿತೇ ಇಲ್ಲವೇ ಎಂಬುದನ್ನು ಅದು ತೋರಿಸಬೇಕೆಂದು ನಾವು ನಿರೀಕ್ಷಿಸಲಾಗದು. ಅದನ್ನು ಅಜ್ಜ ಅಜ್ಜಿಯರೇ ಹೇಳಬೇಕು. ಬಳ್ಳಾರಿಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1948ರಲ್ಲಿ, ಆ ಪ್ರಾಂತದಲ್ಲೆಲ್ಲ ಪಾನನಿರೋಧವು ಜಾರಿಗೆ ಬಂದಿತು. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕೆ ಮುಂಚೆ ಕೂಲಿಯ ಹಣವು ಮನೆಗೆ ಬರುವ ದಾರಿಯಲ್ಲಿ ಎಲ್ಲಿ ಕರಗುತ್ತಿತ್ತೆಂಬುದನ್ನು ನಮ್ಮ ಹಳ್ಳಿಗಳ ಹೆಂಗಸರು ಚೆನ್ನಾಗಿ ಬಲ್ಲರು. ಡಬ್ಲಿನ್ನಿನಲ್ಲಿ ಬೆಳೆಯುವ ಮೊಮ್ಮಕ್ಕಳಿಗೆ ಇದನ್ನು ಹೇಳುವವರು ಮತ್ತಾರು? ಹೊಳೆಯುವ ಪೀಪಾಯಿಗಳ ನಡುವೆ ನಿಂತು ಹೇಳಿದರೆ ಅವರ ಮನಸ್ಸಿನಲ್ಲಿ ನಿಂತೀತು.

ಕೊನೆಯ ಅಂತಸ್ತಿನಲ್ಲಿ ವಯಸ್ಕರಿಗೆ ಒಂದು ಲೋಟ ಬೀರು ಟಿಕೀಟಿನೊಡನೆಯೇ ಬರುವುದು. ಒಲ್ಲದವರು ತಂಪು ಪಾನೀಯವನ್ನು ಕೇಳಿ ಪಡೆಯಬಹುದು, ಸಂಕೋಚ ಬೇಡ. ಅಲ್ಲಿಯ ಗಾಜಿನ ಗೋಡೆಗಳಿಂದ ಊರೆಲ್ಲವೂ ಕಾಣುವುದು. ತಾಯಿಯವರು ಶಾಲನ್ನು ಮರೆಯದಿರಲಿ. ಡಬ್ಲಿನ್ನಿನ ಬೇಸಗೆಯು ನಮ್ಮ ಬಳ್ಳಾರಿಯ ಚಳಿಗಾಲಕ್ಕಿಂತಲೂ ತಂಪು.