ಹೂಮರವಾದ ಹುಡುಗಿಯೂ ಅವಳ ಹೊಸ ಉಡುಪುಗಳೂ



ಹಳೆಯ ಕಥೆಯನ್ನು ಹೊಸದಾಗಿ ಹೇಳುವವನು ಏನನ್ನು ಬದಲಿಸಬಹುದು, ಏನನ್ನು ಬದಲಿಸಲಾಗದು ಎಂಬ ಪ್ರಶ್ನೆಯು ಪಂಡಿತರಿಗೆ ಮಾತ್ರ ಸಂಬಂಧಪಟ್ಟುದೆಂದು ಯಾರೂ ತಿಳಿಯಬಾರದು. ರಾತ್ರಿ ಊಟವಾದ ಬಳಿಕ ಮಗುವು ಸೆರಗು ಹಿಡಿದು ಕಥೆ ಕೇಳಿದಾಗಲೆಲ್ಲ, ಪ್ರತಿಯೊಂದು ಮನೆಯ ತಾಯಿಯೂ ಅಜ್ಜಿಯೂ ಈ ಪ್ರಶ್ನೆಗೆ ತಮಗರಿಯದೆಯೇ ಉತ್ತರ ಕೊಡುತ್ತಿರುವರು. ಈ ತಿಂಗಳು ಇದನ್ನೇ ಕುರಿತು ನಾಲ್ಕು ಮಾತು ಬರೆಯಲೆಳಸುತ್ತೇವೆ.

ಇದ್ದ ಕಥೆಯನ್ನು ಮತ್ತೆ ಹೇಳುವುದು ನಮ್ಮ ನೆಲಕ್ಕೆ ಹೊಸತಲ್ಲ. ಮುಧೋಳದಲ್ಲಿ ಹುಟ್ಟಿದ ರನ್ನನು ಹತ್ತನೆಯ ಶತಮಾನದಲ್ಲಿ ಮಾಡಿದ ಕೆಲಸವು ಇದೇ ಅಲ್ಲವೆ? ಭೀಮ ದುರ್ಯೋಧನರ ಗದಾಯುದ್ಧವನ್ನು ಮುಂದಿಟ್ಟುಕೊಂಡು, ಅಲ್ಲಿಂದ ಸಿಂಹಾವಲೋಕನ ಮಾಡಿ ಹಿಂದಿನ ಭಾರತವನ್ನೆಲ್ಲ ಆತನು ಕಾಣಿಸಿದನು. ತನ್ನ ಕಾಲದ ದೊರೆಯಾದ ಸತ್ಯಾಶ್ರಯನನ್ನೇ ಭೀಮನಲ್ಲಿ ಕಂಡನು. ಕಥೆಯ ಉಡುಪು ಬದಲಾಯಿತು, ಜೀವವು ಉಳಿಯಿತು. ನಮ್ಮ ಕಾಲಕ್ಕೆ ಹತ್ತಿರದಲ್ಲಿ ಕುವೆಂಪು ಅವರೂ ಹಾಗೆಯೇ ಮಾಡಿದರು. ಜರ್ಮನಿಯ ಹ್ಯಾಮೆಲಿನ್ ಊರಿನ ಐತಿಹ್ಯವನ್ನು ಬ್ರೌನಿಂಗ್ ಕವಿಯು 1842ರಲ್ಲಿ ಇಂಗ್ಲಿಷ್ ಪದ್ಯವಾಗಿ ಪ್ರಕಟಿಸಿದ್ದನು. ಕುವೆಂಪು ಅದನ್ನು ತುಂಗೆಯ ದಡದ ಬೊಮ್ಮನಹಳ್ಳಿಗೆ ಕರೆತಂದು, ಊದುಗೊಳವಿಯ ಬದಲು ಜೋಗಿಯ ಕೈಗೆ ಕಿಂದರಿಯನ್ನು ಕೊಟ್ಟರು. ನದಿ, ಊರು, ವಾದ್ಯ ಎಲ್ಲವೂ ಬೇರೆಯಾದುವು. ಆದರೆ ಕೊಟ್ಟ ಮಾತಿಗೆ ತಪ್ಪಿದ ದೊಡ್ಡವರ ಸಾಲವನ್ನು ಮಕ್ಕಳು ತೀರಿಸಬೇಕಾಯಿತೆಂಬ ಗಂಟನ್ನು ಮಾತ್ರ ಅವರು ಬಿಚ್ಚಲಿಲ್ಲ.

ಈಗ ಕನ್ನಡದ ಹೆಂಗಸರ ಬಾಯಲ್ಲಿಯೇ ಬೆಳೆದ ಒಂದು ಕಥೆಯನ್ನು ನೋಡೋಣ. ಬಡ ಮುದುಕಿಯೊಬ್ಬಳಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ದುಡಿತವನ್ನು ನೋಡಲಾರದೆ ಕಿರಿಯವಳು ಒಂದು ಉಪಾಯ ಹೂಡುವಳು. ಉಗುರು ತಾಕದಂತೆ ಎರಡು ಕೊಡ ನೀರು ತರಲು ಅಕ್ಕನಿಗೆ ಹೇಳುವಳು. ಒಂದು ಕೊಡವನ್ನು ಮೈಮೇಲೆ ಹೊಯ್ದರೆ ಅವಳು ಹೂಬಿಟ್ಟ ಮರವಾಗುವಳು. ಎಲೆ ಮುರಿಯದಂತೆ, ಚಿಗುರು ನೋಯದಂತೆ ಹೂವನ್ನು ಬಿಡಿಸಿಕೊಂಡು ಇನ್ನೊಂದು ಕೊಡವನ್ನು ಹೊಯ್ದರೆ ತಿರುಗಿ ಹುಡುಗಿಯಾಗುವಳು. ಆ ಹೂವುಗಳು ಅರಮನೆಯಲ್ಲಿ ಮಾರಾಟವಾಗುವುವು. ರಾಜಕುಮಾರನು ಗುಟ್ಟನ್ನು ಕಂಡು ಅವಳನ್ನು ಮದುವೆಯಾಗುವನು. ಆಮೇಲೆ ನಾದಿನಿಯು ಅವಳನ್ನು ತೋಟಕ್ಕೆ ಕರೆದೊಯ್ದು, ಬಲವಂತದಿಂದ ಮರವಾಗಿಸುವಳು. ಗೆಳತಿಯರೆಲ್ಲ ಸೇರಿ ಕೊಂಬೆಗಳನ್ನು ಮುರಿದು, ನೀರನ್ನು ಹೇಗೋ ಚೆಲ್ಲಿ ಓಡಿಹೋಗುವರು. ಕೈಕಾಲುಗಳಿಲ್ಲದ ಬರಿಯ ಮುಂಡವಾಗಿ ಅವಳು ತಗ್ಗಿನಲ್ಲಿ ಬಿದ್ದಿರುವಳು. ಆ ದಾರಿಯಲ್ಲಿ ಅರಳೆಯ ಬಂಡಿಗಳ ಸಾಲು ಬರುವುದು. ನರಳುವ ದನಿಯನ್ನು ಕೇಳಿ ಬಂಡಿಯವನೊಬ್ಬನು ಇಳಿಯುವನು. ತಲೆಯ ರುಮಾಲನ್ನು ಬಿಚ್ಚಿ ಅವಳ ಮೈಗೆ ಹೊದಿಸುವನು. ಕಡೆಗೆ, ಹೆಂಡತಿಯನ್ನು ಕಾಣದೆ ಭಿಕಾರಿಯಾಗಿ ಅಲೆದ ಗಂಡನು ಅವಳನ್ನು ಕೂಡಿ, ಮರವಾದ ಅವಳ ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ನೀರು ಹೊಯ್ದಾಗ ಅವಳು ಮತ್ತೆ ಹೆಣ್ಣಾಗುವಳು.

ಈ ಕಥೆಯನ್ನು ಲೋಕಕ್ಕೆ ಮುಟ್ಟಿಸಿದವರು ಎ. ಕೆ. ರಾಮಾನುಜನ್. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು, 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಮುಂದೆ ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಕಲಿಸಿದರು. ಈ ಕಥೆಯ ಹಲವು ಪಾಠಗಳನ್ನು ಕೂಡಿಸಿ, ಇದು ಹೆಂಗಸಿನ ಕಥೆಯೆಂದು ಇಂಗ್ಲಿಷಿನಲ್ಲಿ ವಿವರಿಸಿದರು. 1993ರಲ್ಲಿ ಅವರು ತೀರಿಕೊಂಡ ಮೇಲೆ, 1997ರಲ್ಲಿ ಹೊರಬಂದ ಅವರ ಕಥಾಸಂಗ್ರಹಕ್ಕೆ ಇದೇ ಕಥೆಯ ಹೆಸರನ್ನು ಇಡಲಾಯಿತು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು 'ಚೆಲುವಿ' ಎಂಬ ಹಿಂದಿ ಚಿತ್ರವಾಗಿಸಿ, ಕಾಡು ಕಡಿಯುವ ನಮ್ಮ ಕಾಲದ ಸಂಕಟವನ್ನು ಅದರೊಳಗೆ ತಂದರು. 2006ರಲ್ಲಿ, ಮೊಟ್ಸಾರ್ಟನು ಹುಟ್ಟಿ 250 ವರ್ಷಗಳಾದ ಸಂದರ್ಭದಲ್ಲಿ, ಅಮೆರಿಕದ ಜಾನ್ ಆಡಮ್ಸ್ ಅವರು ಇದನ್ನು ಒಪೆರಾ ಎಂಬ ಗೀತನಾಟಕವಾಗಿ ವಿಯೆನ್ನಾ ನಗರದಲ್ಲಿ ಆಡಿಸಿದರು. ಅಲ್ಲಿ ಹುಡುಗಿಗೆ ಕುಮುದಾ ಎಂದು ಹೆಸರು. ಮೇಳದವರು ವೆನೆಜುವೇಲಾದವರು, ಅವರ ಹಾಡು ಸ್ಪ್ಯಾನಿಷ್ ಭಾಷೆಯದು; ನರ್ತಕರು ಜಾವಾದವರು. ನಮ್ಮ ಅಡಿಗೆಮನೆಯ ಕಥೆಯೊಂದು ಇಷ್ಟು ದೂರ ನಡೆದುದನ್ನು ಕೇಳಿ ಯಾರು ತಾನೆ ಹಿಗ್ಗಲಾರರು?

ಆದರೆ ಹಿಗ್ಗಿನೊಡನೆ ಒಂದು ಯೋಚನೆಯೂ ಹುಟ್ಟುವುದು. ಅಷ್ಟು ದೂರ ಹೋದ ಕಥೆಯು ಹೊರಟ ಮನೆಯಲ್ಲಿ ಉಳಿದಿದೆಯೆ? ಕಥೆಯು ಬಾಯಿಂದ ಕಿವಿಗೆ ಹೋಗಬೇಕಾದರೆ ಕೂಡಿ ಕುಳಿತುಕೊಳ್ಳುವ ಒಂದು ಜಾಗವೂ, ಬಿಡುವಿನ ಒಂದು ಹೊತ್ತೂ ಬೇಕು. ಆಲಮಟ್ಟಿಯ ಹಿನ್ನೀರಿನ ದೆಸೆಯಿಂದ ಬೀಳಗಿ ತಾಲ್ಲೂಕಿನ ಹಲವು ಊರುಗಳು ಹಳೆಯ ನೆಲೆಯನ್ನು ಬಿಟ್ಟೇಳಬೇಕಾಯಿತು. ಮನೆಗಳೊಡನೆ ಕಟ್ಟೆಗಳೂ ನೆರೆಹೊರೆಗಳೂ ಚದರಿದುವು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆ ಮೆಲುದನಿಯ ಕಥೆಗೆ ಎಡೆ ಸಾಲದು. ಎಲ್ಲ ಊರುಗಳಲ್ಲಿಯೂ ಮಗುವಿನ ಕೈಗೆ ಮೊಬೈಲು ಬಂದಿರುವುದು. ಆದುದರಿಂದ ಇಂದು ಮನೆಯಲ್ಲಿ ಕಥೆ ಹೇಳುವವರು ಬುದ್ಧಿಪೂರ್ವಕವಾಗಿ ಹೇಳಬೇಕಾಗಿದೆ.

ಇಲ್ಲಿಯೇ ನಮ್ಮ ಮೊದಲಿನ ಪ್ರಶ್ನೆಯು ಎದುರು ನಿಲ್ಲುವುದು. ಅರಳೆಯ ಬಂಡಿಯನ್ನು ಇಂದಿನ ಮಗುವು ಕಂಡಿರುವುದೆ? ಜಮಖಂಡಿ, ಮುಧೋಳಗಳ ಎರೆಯ ಹೊಲಗಳಲ್ಲಿ, ಕೃಷ್ಣೆ ಘಟಪ್ರಭೆಯರ ನೀರು ಹರಿದಲ್ಲೆಲ್ಲ, ಈಗ ಕಬ್ಬು ನಿಂತಿದೆ. ಹಾಗಿದ್ದರೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಬಂದಿತೆಂದು ಹೇಳಿರಿ. ಕಡೆಯ ಟ್ರ್ಯಾಕ್ಟರಿನವನು ಯಂತ್ರವನ್ನು ನಿಲ್ಲಿಸಿದುದರಿಂದಲೇ ಆ ಕ್ಷೀಣವಾದ ದನಿ ಅವನಿಗೆ ಕೇಳಿಸಿತೆಂದು ಹೇಳಿರಿ. ಹೊದಿಸಿದ ಬಟ್ಟೆಯು ಬನಹಟ್ಟಿಯ ಮಗ್ಗದಲ್ಲಿ ನೇಯ್ದುದೆಂದು ಸೇರಿಸಿದರೂ ತಪ್ಪಿಲ್ಲ. ಕಥೆಗೆ ಇದರಿಂದ ಕುಂದಿಲ್ಲ. ಸಾಲಿನಲ್ಲಿ ಹೋಗುತ್ತಿದ್ದವರೊಳಗೆ ಒಬ್ಬನಾದರೂ ನಿಂತನು ಎಂಬುದು ಉಳಿದರೆ ಸಾಕು.

ಬದಲಿಸಲಾಗದ ಭಾಗವು ಬೇರೆ. ಮದುವೆಯ ಮೆರವಣಿಗೆಯಲ್ಲಿಯೇ ಕಥೆಯನ್ನು ಮುಗಿಸಿಬಿಟ್ಟರೆ ಮಗುವು ನಗುತ್ತ ಮಲಗುವುದೆಂದು ಹಲವರಿಗೆ ಅನ್ನಿಸಬಹುದು. ಕೊಂಬೆ ಮುರಿಯುವ ಸಂಗತಿಯು ಎಳೆಯ ಮನಸ್ಸಿಗೆ ಕಠಿಣವೆಂಬುದೂ ಸುಳ್ಳಲ್ಲ. ತೀರ ಚಿಕ್ಕ ಮಗುವಾದರೆ ದನಿಯನ್ನು ತಗ್ಗಿಸಿರಿ, ಗಾಯದ ವರ್ಣನೆಯನ್ನು ಬಿಡಿರಿ. ಸಂಗತಿಯನ್ನು ಮಾತ್ರ ಬಿಡಬೇಡಿರಿ. ಏಕೆಂದರೆ ಮದುವೆಯಲ್ಲಿ ನಿಂತ ಕಥೆಯು, ಹೆಣ್ಣಿನ ಕಷ್ಟಗಳೆಲ್ಲ ಮದುವೆಯಿಂದ ತೀರುವುವೆಂದು ಕಲಿಸುತ್ತದೆ. ನಮ್ಮ ಅಜ್ಜಿಯರು ಹೇಳಿದ ಕಥೆಯು ಅದಕ್ಕಿಂತ ಜಾಣತನದ್ದು. ಹೂಬಿಡುವ ಗುಣವುಳ್ಳ ಹುಡುಗಿಯನ್ನು ಅವಸರದ ಕೈಗಳಿಗೆ ಒಪ್ಪಿಸಿದರೆ ಏನಾಗುವುದೆಂಬುದನ್ನು ಅದು ಮುಚ್ಚಿಡುವುದಿಲ್ಲ. ಅಕ್ಕನು ಹೂ ಬಿಡಿಸಿದುದೂ ಅದೇ ಮರದಿಂದ, ನಾದಿನಿಯ ಗೆಳತಿಯರು ಮುರಿದುದೂ ಅದೇ ಮರವನ್ನು. ಒಬ್ಬಳಲ್ಲಿ ಎಚ್ಚರವಿತ್ತು, ಉಳಿದವರಲ್ಲಿ ಇರಲಿಲ್ಲ.

ಇನ್ನೊಂದು ಮಾತು. ಈ ಕಥೆಯನ್ನು ಹೆಣ್ಣುಮಕ್ಕಳಿಗೆ ಮಾತ್ರ ಹೇಳಿ ಗಂಡುಮಕ್ಕಳನ್ನು ಆಟಕ್ಕೆ ಕಳುಹಿಸುವುದು ಸಲ್ಲದು. ಗಂಡನು ಕತ್ತಿ ಹಿಡಿದು ರಾಕ್ಷಸನನ್ನು ಕೊಂದು ಹೆಂಡತಿಯನ್ನು ಪಡೆಯುವ ಕಥೆಗಳು ಬೇಕಾದಷ್ಟಿವೆ. ಇಲ್ಲಿ ಅವನ ಕೆಲಸವು ಬೇರೆ: ಮೊಣಕಾಲೂರಿ, ಮುರಿದ ಒಂದೊಂದು ಟೊಂಗೆಯನ್ನೂ ಅದರದರ ಸ್ಥಳದಲ್ಲಿ ಕೂಡಿಸುವುದು. ಬೆಳೆಯುವ ಹುಡುಗನಿಗೆ ಇದಕ್ಕಿಂತ ಹೆಚ್ಚಿನ ಶೌರ್ಯವನ್ನು ಯಾವ ಕಥೆಯು ಕಲಿಸೀತು?

ಆದುದರಿಂದ, ಹೊಸ ಪುಸ್ತಕವೋ ಚಿತ್ರವೋ ಈ ಕಥೆಯನ್ನು ಮನೆಗೆ ತಂದಾಗ ಉಡುಪು ಹೊಸದೆಂದು ಗೃಹಸ್ಥರು ಮುಖ ತಿರುಗಿಸಬೇಕಾಗಿಲ್ಲ. ಮೂರನ್ನು ಮಾತ್ರ ನೋಡಲಿ: ಉಗುರು ತಾಕದ ನೀರು ಇದೆಯೆ? ದಾರಿಯಲ್ಲಿ ನಿಂತವನೊಬ್ಬನು ಇರುವನೆ? ಮುರಿದುದನ್ನು ಜೋಡಿಸುವ ಕೈ ಇದೆಯೆ? ಮೂರೂ ಇದ್ದರೆ ಅದು ನಮ್ಮ ಕಥೆಯೇ. ಇಲ್ಲದಿದ್ದರೆ, ಆ ರಾತ್ರಿ ಪುಸ್ತಕವನ್ನು ಬದಿಗಿಟ್ಟು ತಾವೇ ಹೇಳಲಿ.