ಅಗ್ಗದ ಸೈಟಿನ ಅಡಿಯಲ್ಲಿ ಏನಿದೆ?

ಕಳೆದ ಚಳಿಗಾಲದಲ್ಲಿ ನನ್ನ ದವಾಖಾನೆಗೆ ಮಗುವನ್ನು ಕರೆದುಕೊಂಡು ಬಂದಿದ್ದ ತಂದೆಯೊಬ್ಬರು ಔಷಧಿ ಚೀಟಿ ಮಡಚಿಕೊಳ್ಳುತ್ತ ಕೇಳಿದರು: “ಹಕೀಮ್ ಸಾಹೇಬ್ರ, ಜಾಗಾ ಭಾಳ ಸಸ್ತಾ ಐತ್ರಿ, ತಗೋಬೇಕೇನ್ರಿ?” ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಜಾಗವದು. ಈಗ ಸಮತಟ್ಟು ಮಾಡಿ ಸೈಟು ಹಾಕಿದ್ದಾರೆ. “ಮ್ಯಾಲೆ ಎರಡು ಟ್ರಿಪ್ ಕೆಂಪುಮಣ್ಣು ಹಾಕಿದ್ರ ಆತಲ್ರಿ” ಎಂಬುದು ಮಾರುವವರ ಮಾತಂತೆ.

ಆಗಲಿಲ್ಲ. ಸೀಸ ಕೊಳೆಯುವುದಿಲ್ಲ, ವರ್ಷ ಕಳೆದಂತೆ ಕರಗಿ ಹೋಗುವುದೂ ಇಲ್ಲ. ಬುನಾದಿ ತೋಡಿದ ದಿನವೇ ಕೆಳಗಿನ ಮಣ್ಣು ಮೇಲೆ ಬರುತ್ತದೆ, ಅಂಗಳದ ಧೂಳಾಗುತ್ತದೆ. ಅಂಬೆಗಾಲಿಡುವ ಮಗು ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತ ಕಡಿಮೆಯಾಗುವುದು, ಹೊಟ್ಟೆನೋವು, ಕಲಿಕೆಯಲ್ಲಿ ಹಿಂದೆ ಬೀಳುವುದು, ಸಿಡಿಮಿಡಿ: ಇವನ್ನು ಕಂಡಾಗ ನಾವು ಜಂತುಹುಳದ ಔಷಧಿ ಕೊಟ್ಟು ಕಳಿಸುತ್ತೇವೆ. ಯಾವ ಜಾಗದಲ್ಲಿ ವಾಸ ಎಂದು ಕೇಳುವುದಿಲ್ಲ. ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಕಾರಣಗಳಲ್ಲಿ ಗಾಳಿಯೇ ಮೊದಲನೆಯದು. ಊರಿನ ನೆಲ, ನೀರು ನೋಡದೆ ರೋಗ ತಿಳಿಯದು ಎಂಬುದು ಬುಕ್ರಾತ್‌ನ ಕಾಲದಿಂದ ಬಂದ ಪಾಠ. (ನಮ್ಮವರನ್ನೂ ಬಿಡಲಾರೆ. ಹಲವು ಸುರ್ಮಾಗಳಲ್ಲಿ ಇರುವುದು ಸೀಸವೇ. ಮಕ್ಕಳ ಕಣ್ಣಿಗೆ ಹಚ್ಚಬೇಡಿ.)

ಕೆಟ್ಟ ನೆಲವನ್ನು ಬಳಕೆಗೆ ತರಲೇಬಾರದು ಎನ್ನುವವನಲ್ಲ ನಾನು. ತರುವಾಗ ಅಲ್ಲಿ ಬದುಕುವವರನ್ನು ಕೇಳಿ ಎನ್ನುತ್ತೇನೆ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸಯನೈಡ್‌ನಿಂದ ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿ, ಸುಮಾರು 3.3 ಕೋಟಿ ಟನ್, 13 ದಿಬ್ಬಗಳಾಗಿ ಜನವಸತಿಯ ಮಗ್ಗುಲಲ್ಲೇ ನಿಂತಿದೆ. ಗಾಳಿ ಎದ್ದರೆ ಮನೆಯೊಳಗೆ ಬರುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ಒಪ್ಪಿಗೆ ಕೊಟ್ಟಿತು. ಕೆಲಸ ಸಿಕ್ಕೀತೆಂಬ ಆಸೆ ಅಲ್ಲಿನ ಜನರಿಗೆ ಸಹಜ. ಆದರೆ ದಿಬ್ಬ ಅಗೆಯುವಾಗ ಧೂಳು ಯಾರ ಕಡೆ ಹೋಗುತ್ತದೆ, ಚಿನ್ನ ತೆಗೆದ ಮೇಲೆ ನೆಲವನ್ನು ಯಾವ ಸ್ಥಿತಿಯಲ್ಲಿ ಬಿಡುತ್ತಾರೆ? ಟನ್ನಿಗೆ ಎಷ್ಟು ಚಿನ್ನ ಎಂಬ ಲೆಕ್ಕಕ್ಕಿಂತ ಮೊದಲು ಇದಕ್ಕೆ ಉತ್ತರ ಬೇಕು.

ಹೀಗೆ ಕೇಳುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1980ರ ದಶಕದಲ್ಲಿ ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಕಾರ್ಖಾನೆಯ ನೀರಿನಿಂದ ತುಂಗಭದ್ರೆಯ ಮೀನು ಸತ್ತಾಗ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆ ನದಿ ದಂಡೆಯ ಹಳ್ಳಿಗಳವರೇ ಎದ್ದು ನಿಂತರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಗೋಮಾಳದ ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ.

ಈಗ ಕಾನೂನಿನ ಆಸರೆಯೂ ಇದೆ. 2025ರ ಜುಲೈನಲ್ಲಿ ಕೇಂದ್ರ ಸರಕಾರ ಕಲುಷಿತ ಜಾಗಗಳ ನಿರ್ವಹಣೆಗೆ ನಿಯಮ ಹೊರಡಿಸಿತು. ಜನ ದೂರು ಕೊಟ್ಟರೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅದನ್ನು ಶಂಕಿತ ಜಾಗ ಎಂದು ಗುರುತಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಮಣ್ಣು ಪರೀಕ್ಷಿಸಬೇಕು, ಕೆಡಿಸಿದವರೇ ಶುದ್ಧಮಾಡುವ ಖರ್ಚು ಕೊಡಬೇಕು. ಗಣಿಯ ತ್ಯಾಜ್ಯವನ್ನು ಇದರಿಂದ ಹೊರಗಿಟ್ಟದ್ದು ನನಗೆ ಸರಿ ಕಾಣುವುದಿಲ್ಲ.

ಗುಜರಿ, ಗ್ಯಾರೇಜು, ಬ್ಯಾಟರಿ ಕೆಲಸ ನಮ್ಮ ಎಷ್ಟೋ ಮನೆಗಳ ಅನ್ನ. ಆದ್ದರಿಂದ ಯಾವ ಜಾಗದಲ್ಲಿ ಏನು ನಡೆದಿತ್ತು ಎಂಬುದು ಮೊಹಲ್ಲಾದ ಹಿರಿಯರಿಗೆ ಕಚೇರಿಯ ಕಡತಕ್ಕಿಂತ ಚೆನ್ನಾಗಿ ಗೊತ್ತು. ಜಮಾತಿನವರು ಮದರಸಾಕ್ಕೋ ಶಾದಿಮಹಲಿಗೋ ಜಾಗ ಕೊಳ್ಳುವ ಮುನ್ನ ಅವರನ್ನು ಕೂರಿಸಿ ಕೇಳಲಿ, ಬರೆದಿಡಲಿ. ಒಂದು ಎಚ್ಚರಿಕೆ: ರೈತರಿಗೆ ಮಾಡಿಕೊಡುವ ಮಣ್ಣು ಪರೀಕ್ಷೆ ಬೆಳೆಯ ಪೋಷಕಾಂಶಕ್ಕೆ. ಅದರಲ್ಲಿ ಸೀಸ ನೋಡುವುದಿಲ್ಲ, ಬೇರೆಯಾಗಿ ಕೇಳಬೇಕು. ಈಗಾಗಲೇ ಅಂಥಲ್ಲಿ ಮನೆ ಮಾಡಿದ್ದರೆ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಬಟ್ಟೆ, ಚಪ್ಪಲಿ ಹೊರಗೇ ಇರಲಿ. ಮಕ್ಕಳಿಗೆ ಹಾಲು, ನುಗ್ಗೆಸೊಪ್ಪು ಕೊಡಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ.

ಆ ತಂದೆ ಮುಂಗಡ ಕೊಡುವುದನ್ನು ಸದ್ಯಕ್ಕೆ ತಡೆದಿದ್ದಾರೆ. ಅದೇ ಸಾಲಿನಲ್ಲಿ ಈಗಾಗಲೇ ಹಣ ಕಟ್ಟಿದ ಕುಟುಂಬಗಳೂ ಇವೆ. ಅವರೆಲ್ಲ ಸೇರಿ ದೂರು ಬರೆಯುವುದಾದರೆ ವೈದ್ಯನಾಗಿ ನಾನೂ ಸಹಿ ಹಾಕುತ್ತೇನೆ.